ಬೈಗುಳದ ಕಾಗದ

ದಿನಗೂಲಿಯವರ ಹಾಜರಿ ಹಾಕುವ ಮಸ್ಟರ್ ಹಾಳೆಯಲ್ಲಿ ನಾನು ಮೊದಲ ಸುಳ್ಳು ಹೆಸರು ಬರೆದದ್ದು ಮಾನ್ವಿಯ ಕಾಲುವೆ ಕಚೇರಿಗೆ ಗುಮಾಸ್ತನಾಗಿ ಸೇರಿದ ಎರಡನೆಯ ತಿಂಗಳಲ್ಲಿ. ಮೂರನೆಯ ತಿಂಗಳೂ ಇದ್ದೀತು. ಹೆಡ್ ಗುಮಾಸ್ತರು ನನ್ನ ಮೇಜಿನ ಹತ್ತಿರ ಬಂದು ಹೇಳಿದರೋ, ಕರೆಸಿಕೊಂಡು ಹೇಳಿದರೋ, ಇಲ್ಲಾ ಹಿಂದಿನ ಗುಮಾಸ್ತ ಮಾಡಿದ್ದನ್ನು ನೋಡಿ ನಾನೇ ಮುಂದುವರಿಸಿದೆನೋ, ಈಗ ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮಗೆ ಒಂದು ಅಭ್ಯಾಸ ಹಚ್ಚಿದ್ದರು. ಸಾಕ್ಷಿ ಹೇಳುವವನಿಗೆ ಆ ಸಾಕ್ಷಿಯಿಂದ ಏನು ಲಾಭ ಎಂದು ಮೊದಲು ಕೇಳಬೇಕು. ಅದನ್ನೇ ನನಗೆ ನಾನು ಕೇಳಿಕೊಂಡರೆ, 'ಅವರು ಹೇಳಿದರು, ನಾನು ಬರೆದೆ' ಎಂಬ ನೆನಪಿನ ಲಾಭವೆಲ್ಲ ನನ್ನದೇ. ಆದ್ದರಿಂದ ಅದನ್ನು ನಂಬುವುದಿಲ್ಲ. ಬರೆದ ಕೈ ನನ್ನದು ಎಂಬುದಷ್ಟೇ ಖಚಿತ. ಆ ಹಾಳೆಗಳನ್ನು ಮುಂದೆ ನ್ಯಾಯಾಲಯದಲ್ಲಿ ನನ್ನ ಮುಖಕ್ಕೇ ಹಿಡಿದು ತೋರಿಸಿದರು.

ಏಳು ಜನರಿಗೆ ನಾನು ಹಾಗೆ ಬೇಕಾದ ಹಾಗೆ ಹೆಸರಿಟ್ಟಿದ್ದೇನೆ. ಅದು ಸಾಕು. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಇಲಾಖೆಯದ್ದೂ ಬರೆಯುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಲ್ಲೂರಿನ ಆಚೆ ಉಪಕಾಲುವೆಯ ಮೇಲೆ ಒಂದು ತೂಬು, ತೂಬಿನ ಪಕ್ಕ ತಗಡಿನ ಸೂರಿನ ಒಂದು ಕೋಣೆ. ಅಲ್ಲಿ ಏಳು ಜನ ಲಸ್ಕರ್‌ಗಳು ಇದ್ದರು. ಗೇಟು ಏರಿಸುವುದು, ಇಳಿಸುವುದು, ದಂಡೆ ಕಾಯುವುದು, ನೀರಿನ ಮಟ್ಟ ನೋಡಿ ಬರೆದಿಡುವುದು ಅವರ ಕೆಲಸ. ಎಲ್ಲರೂ ದಿನಗೂಲಿಯವರು. ಕಾನೂನಿನ ಪ್ರಕಾರ ಕಾರ್ಮಿಕನೊಬ್ಬ ಹನ್ನೆರಡು ತಿಂಗಳಲ್ಲಿ ಇನ್ನೂರ ನಲವತ್ತು ದಿನ ದುಡಿದರೆ ಅವನನ್ನು ಬಾಯಿಮಾತಿನಲ್ಲಿ ಮನೆಗೆ ಕಳಿಸುವಂತಿಲ್ಲ. ನೋಟಿಸು ಕೊಡಬೇಕು, ಪರಿಹಾರ ಕೊಡಬೇಕು. ಅದನ್ನು ತಪ್ಪಿಸಲು ನಮ್ಮ ಕಚೇರಿ ಒಂದು ಪದ್ಧತಿ ಮಾಡಿಕೊಂಡಿತ್ತು. ಯಾರ ಹೆಸರೂ ಮಸ್ಟರ್‌ನಲ್ಲಿ ಎರಡು ತಿಂಗಳ ಮೇಲೆ ನಿಲ್ಲುತ್ತಿರಲಿಲ್ಲ. ಮನುಷ್ಯ ಅವನೇ, ತೂಬು ಅದೇ, ಹೆಸರು ಮಾತ್ರ ಬೇರೆ. ಅಣ್ಣನದು, ಮಾವನದು, ತೀರಿಹೋದ ಅಪ್ಪನದು. ಬಟವಾಡೆಯ ದಿನ ಆ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದರೆ ಪಗಾರ.

ಅವರಿಗೆ ಇದೆಲ್ಲ ಗೊತ್ತಿತ್ತು. ನಗೆಯಾಡುತ್ತಿದ್ದರು.

"ಸಾಹೇಬ್ರ, ಈ ತಿಂಗಳ ನಾ ಯಾರ್ರೀ?"

"ನಿಮ್ಮ ಮಾವ."

"ಅಯ್ಯ, ಹಂಗಾರ ಮನ್ಯಾಗ ಇರಾಕಿ ನನ್ನ ಮಗಳಾದ್ಲಲ್ರೀ! ಇವತ್ತ ಯಾವ ಮಾರಿ ಇಟ್ಕೊಂಡು ಮನಿಗಿ ಹೋಗ್ಲಿ?"

"ನಿಂದ ಪಾಡ ಲೇ," ಎನ್ನುತ್ತಿದ್ದ ಸಾಲಿನಲ್ಲಿ ಹಿಂದೆ ನಿಂತವನು. "ನಾ ಸತ್ತು ಆರು ವರ್ಷ ಆತು. ಸತ್ತಾಂವಗ ಪಗಾರ ಕೊಡೋ ಇಲಾಖಿ ಇದೊಂದ ನೋಡು."

ನಾನೂ ನಗುತ್ತಿದ್ದೆ. ಇದು ಚೆನ್ನಾಗಿ ನೆನಪಿದೆ, ಯಾಕೆಂದರೆ ಇದರಿಂದ ನನಗೆ ಯಾವ ಲಾಭವೂ ಇಲ್ಲ.

ಮಸ್ಟರ್ ಅಲ್ಲದೆ ಇನ್ನೊಂದು ಪುಸ್ತಕವಿತ್ತು. ಅದು ಕಚೇರಿಯಲ್ಲಿರದೆ ತೂಬಿನ ಕೋಣೆಯಲ್ಲಿರುತ್ತಿತ್ತು. ಗೇಜ್ ರಿಜಿಸ್ಟರ್. ಕಾಲುವೆಯ ಗೋಡೆಗೆ ಅಂಕಿ ಬರೆದ ಪಟ್ಟಿ ಹಚ್ಚಿರುತ್ತಾರೆ. ನೀರು ಯಾವ ಅಂಕಿಯವರೆಗೆ ಬಂದಿದೆ ಎಂದು ದಿನಕ್ಕೆ ನಾಲ್ಕು ಸಲ ನೋಡಿ, ದಿನಾಂಕ, ಹೊತ್ತು, ಮಟ್ಟ, ಗೇಟು ಎಷ್ಟು ತೆರೆದಿದೆ ಎಂಬುದನ್ನು ಬರೆದು ಕಾಲುವೆಯ ಫೋನಿನಲ್ಲಿ ಮಾನ್ವಿಗೆ ತಿಳಿಸಬೇಕು. ಕೊನೆಯ ಅಂಕಣದಲ್ಲಿ ಆ ಹೊತ್ತಿಗೆ ಕೆಲಸದ ಮೇಲಿದ್ದ ಎಲ್ಲರ ಹೆಸರು ಮತ್ತು ಹೆಬ್ಬೆಟ್ಟು. ಏಳು ಜನರಲ್ಲಿ ಏಳನೇ ಈಯತ್ತೆವರೆಗೆ ಓದಿದ ಒಬ್ಬನಿದ್ದ. ಬರೆಯುವುದು ಅವನ ಪಾಲಿಗೆ ಬಂದಿತ್ತು. ಈ ಪುಸ್ತಕದಲ್ಲಿ ಮಾತ್ರ ಹೆಸರು ಬದಲಿಸಲು ಯಾರೂ ಹೇಳಿರಲಿಲ್ಲ. ಕಾಲುವೆ ಒಡೆದರೆ ಆ ಹೊತ್ತಿಗೆ ದಂಡೆಯ ಮೇಲೆ ಯಾರಿದ್ದ ಎಂದು ಇಲಾಖೆಗೆ ಬೇಕಲ್ಲ. ಪಗಾರ ಮಾವನಿಗೆ ಹೋದರೂ ನಡೆಯುತ್ತದೆ, ತಪ್ಪು ಮಾತ್ರ ಅಳಿಯನದೇ ಆಗಬೇಕು.

ಒಂದು ಮುಂಜಾನೆ ಬೋಂಗಾ ಬಿತ್ತು. ದಂಡೆಯೊಳಗೆ ನೀರು ಸಣ್ಣ ತೂತು ಕೊರೆದುಕೊಂಡು ಹೋಗಿ ಕಡೆಗೆ ದಂಡೆಯೇ ಕುಸಿಯುವುದಕ್ಕೆ ನಮ್ಮ ಕಡೆ ಬೋಂಗಾ ಎನ್ನುತ್ತಾರೆ. ಕೆಳಗಿನ ಭತ್ತದ ಗದ್ದೆಗಳ ಮೇಲೆ ಕೆಂಪು ಮಣ್ಣು ಹರಡಿತು. ಮಧ್ಯಾಹ್ನಕ್ಕೆ ಜೀಪುಗಳು ಬಂದವು. ಹಿರಿಯ ಲಸ್ಕರ್ ಹೇಳಿದ್ದು ಇಷ್ಟು: ಎರಡು ದಿನ ಮೊದಲೇ ದಂಡೆ ಜಿನುಗುತ್ತಿತ್ತು, ಫೋನ್ ಮಾಡಿದೆವು, ಆ ಕಡೆ ಯಾರೂ ಎತ್ತಲಿಲ್ಲ. ಉಪವಿಭಾಗದ ಇಂಜಿನಿಯರರು ಅದನ್ನು ಕೇಳಿಸಿಕೊಳ್ಳಲಿಲ್ಲ. ಮೇಲಿನವರಿಗೆ ಅವರೂ ಉತ್ತರ ಕೊಡಬೇಕಿತ್ತು.

ವಾರದೊಳಗೆ ಆದೇಶ ತಯಾರಾಯಿತು. ಏಳೂ ಜನರ ದಿನಗೂಲಿಯಲ್ಲಿ ಮೂರು ತಿಂಗಳು ನಾಲ್ಕನೆಯ ಒಂದು ಭಾಗ ಕಡಿತ. ಕರಡು ಹೆಡ್ ಗುಮಾಸ್ತರ ಕಡೆಯಿಂದ ಬಂತು, ಟೈಪು ಮಾಡಿದ್ದು ನಾನು. ತಪ್ಪಿತಸ್ಥರ ಹೆಸರು ಬೇಕಿದ್ದರಿಂದ ಗೇಜ್ ರಿಜಿಸ್ಟರ್ ತರಿಸಿ ಅದರಿಂದ ನಿಜ ಹೆಸರುಗಳನ್ನೇ ಇಳಿಸಿಕೊಂಡೆವು. ಆದೇಶದ ನಡುವೆ ಒಂದು ಸಾಲು ಇತ್ತು. ಅದು ನನಗೆ ಬಾಯಿಪಾಠ: "ಸದರಿಯವರು ಕಳೆದ ಮೂರು ವರ್ಷಗಳಿಂದ ಸತತವಾಗಿ ಇದೇ ತೂಬಿನಲ್ಲಿ ಕೆಲಸ ನಿರ್ವಹಿಸುತ್ತಿದ್ದು, ಸಾಕಷ್ಟು ಅನುಭವ ಹೊಂದಿದ್ದಾಗ್ಯೂ ನಿರ್ಲಕ್ಷ್ಯ ತೋರಿರುತ್ತಾರೆ." ಇಂಜಿನಿಯರರು ಏಳೂ ಪ್ರತಿಗಳಿಗೆ ಓದದೆ ಸಹಿ ಮಾಡಿದರು. ಓದಿರಲೂಬಹುದು. ನಾನು ಎದುರಿಗೆ ಇದ್ದೆನೋ ಇಲ್ಲವೋ ನೆನಪಿಲ್ಲ. ಏಳೂ ಜನರಿಗೆ ಒಂದೊಂದು ಪ್ರತಿ ಹೋಯಿತು.

ಬಟವಾಡೆಯ ದಿನ ತೂಬಿನ ಕೋಣೆಯ ಮುಂದೆ ಮೇಜು ಹಾಕಿ ಕುಳಿತೆವು. ಹಿರಿಯ ಲಸ್ಕರ್ ಮೊದಲು ಬಂದರು. ಮಸಿಯ ಡಬ್ಬಿ ಮುಂದೆ ಸರಿಸಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಹೆಬ್ಬಟ್ಟ ಕೊಡಂಗಿಲ್ರೀ."

"ಯಾಕೋ?" ಹೆಡ್ ಗುಮಾಸ್ತರು ಕನ್ನಡಕ ತೆಗೆದರು.

"ಮುರದ ಪಗಾರ ಒಲ್ಲೆ. ಜಿನುಗಾಕತ್ತದ ಅಂತ ಫೋನ್ ಮಾಡೀನಿ. ಎತ್ತದಾಂವನ ಪಗಾರ ಮುರೀರಿ."

"ಲೇ, ಬಂದಷ್ಟ ತಗೋ. ಮುಂದ ಅದೂ ಸಿಗಂಗಿಲ್ಲ."

"ಸಿಗಬ್ಯಾಡ್ರಿ. ಹೆಸರ ನೀವು ಬೇಕಾದ್ದ ಹಾಕ್ಕೊಂಡ್ರಿ, ಸುಮ್ಕ ಇದ್ದೆ. ಇಲ್ಲದ ತಪ್ಪ ಹೊರಸಿದ್ರ ಸುಮ್ಕ ಇರಂಗಿಲ್ಲ."

ಉಳಿದ ಆರೂ ಜನ ಕೈ ಹಿಂದೆ ಕಟ್ಟಿಕೊಂಡು ಅವರ ಪಕ್ಕ ಬಂದು ನಿಂತರು. ಯಾರೂ ಕೂಗಲಿಲ್ಲ. ಮೇಜಿನ ಮೇಲೆ ಮಸಿ ಒಣಗುವವರೆಗೂ ಕುಳಿತು ನಾವು ಎದ್ದು ಬಂದೆವು. ಮರುದಿನ ಮುಂಜಾನೆ ಅವರು ಕೆಲಸಕ್ಕೆ ಹೋದರೆ ತೂಬಿನಲ್ಲಿ ಬೇರೆ ಕೂಲಿಯವರು ಇದ್ದರು. ಯಾವ ಕಾಗದವೂ ಇಲ್ಲ. "ನಿಮ್ಮ ಹೆಸರ ನಮ್ಮಲ್ಲಿ ಇಲ್ಲ, ಹೋಗ್ರಿ" ಎಂದು ಹೇಳಿ ಕಳಿಸಿದರಂತೆ.

ಎರಡು ದಿನ ಬಿಟ್ಟು ಹಿರಿಯ ಲಸ್ಕರ್ ತಮ್ಮ ಹೆಂಡತಿಯನ್ನು ಕರೆದುಕೊಂಡು ನನ್ನ ಬಾಡಿಗೆ ಕೋಣೆಗೆ ಬಂದರು. ಅವರು ಹೊಸ್ತಿಲ ಹೊರಗೇ ಕುಳಿತರು. ಒಳಗೆ ಬರ್ರಿ ಎಂದರೂ ಬರಲಿಲ್ಲ. ಅವರ ಹೆಂಡತಿ ಮಾತ್ರ ಒಳಗೆ ಬಂದು ನಿಂತರು.

"ಯಪ್ಪಾ, ಮಸ್ಟರ್ ಬರದಾಂವ ನೀನ ಏನು?"

"ಹೌದು ಯವ್ವಾ."

"ಕಲತಾಂವ ಕಾಣ್ತಿ. ಎಷ್ಟ ಕಲತೀದಿ?"

"ಎಂ.ಎ."

"ಅಷ್ಟ ಕಲತ ಮ್ಯಾಲೆ ಒಬ್ಬಾಂವನ ಹೆಸರ ಸರಿಯಾಗಿ ಬರಿಯಾಕ ಬರಲಿಲ್ಲೇನಪಾ ನಿನಗ?"

"ಏ, ಸುಮ್ಕಿರು," ಎಂದರು ಹೊರಗಿನಿಂದ ಹಿರಿಯ ಲಸ್ಕರ್. "ಅವರದೇನೂ ತಪ್ಪಿಲ್ಲ."

"ನಿನಗ ಎಲ್ಲಾರೂ ತಪ್ಪಿಲ್ಲದಾರ. ಅದಕ್ಕ ಮನ್ಯಾಗ ಕುಂತೀದಿ."

ಇಂಥ ಮಾತಿಗೆ ಉತ್ತರ ಕೊಟ್ಟೆ ಎಂದು ಈಗ ಬರೆದುಕೊಂಡರೆ ಅದು ಸುಳ್ಳು. ಮುಂದಿನ ಭಾನುವಾರ ಅವರನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದೆ ಎಂಬುದು ನಿಜ.

ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಮಾಳಿಗೆಯ ಮೇಲೆ ಕಾರ್ಮಿಕ ಸಂಘದವರೊಬ್ಬರ ಕೋಣೆ ಇತ್ತು. ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಎದೆಯಲ್ಲಿ ಹತ್ತಿಯ ಧೂಳು ಕೂತು ಮಾತಿನ ನಡುವೆ ಕೆಮ್ಮುತ್ತಿದ್ದರು. ಕಾರ್ಮಿಕ ಕಾನೂನು ಅವರಿಗೆ ಬಾಯಲ್ಲೇ ಇತ್ತು. ವಕೀಲಿ ಓದಿರಲಿಲ್ಲ. ಸಂಘದ ಪ್ರತಿನಿಧಿಯಾಗಿ ಅವರೇ ನಿಂತು ವಾದಿಸುತ್ತಿದ್ದರು.

"ಕಥಿ ಕೇಳ್ದೆ," ಎಂದರು. "ಈಗ ಕಾಗದ ತೋರಸ್ರಿ. ಕಣ್ಣೀರು ನನಗೂ ಬರ್ತದ ಭಾಯಿ. ಲೇಬರ್ ಆಫೀಸರ್ ಕಣ್ಣೀರಿಗೆ ರಸೀದಿ ಕೊಡಂಗಿಲ್ಲ."

ಕಾಗದ ಇದೆ ಎಂದು ಯಾರೂ ಹೇಳಲಿಲ್ಲ; ಕಡಿತದ ಆದೇಶ ನನಗೂ ಹೊಳೆಯಲಿಲ್ಲ. ಆದರೂ ಅರ್ಜಿ ಹಾಕಿದರು. ರಾಯಚೂರಿನ ಕಾರ್ಮಿಕ ಅಧಿಕಾರಿಯ ಎದುರು ಸಂಧಾನ ನಡೆಯಿತು. ನಮ್ಮ ಹೆಡ್ ಗುಮಾಸ್ತರು ಮೂರು ವರ್ಷದ ಮಸ್ಟರ್‌ಗಳನ್ನು ಕೆಂಪು ದಾರ ಕಟ್ಟಿ ತಂದಿದ್ದರು. ಹಿರಿಯ ಲಸ್ಕರ್ ಅವರ ಹೆಸರು ವರ್ಷಕ್ಕೆ ಐವತ್ತು, ಅರವತ್ತು ದಿನ ಮಾತ್ರ. ಉಳಿದವರದೂ ಹಾಗೇ. ಹೆಬ್ಬೆಟ್ಟಿನ ಗುರುತು ನೋಡಬಹುದಲ್ಲ ಎಂದು ಸಂಘದವರು ಕೇಳಿದರು. ಮಸಿ ಅಷ್ಟು ದಪ್ಪ ಹಚ್ಚಿದ್ದೆವು, ಒತ್ತಿದ್ದು ಹೆಬ್ಬೆಟ್ಟೋ ಹುಣಸೆ ಬೀಜವೋ ಹೇಳುವಂತಿರಲಿಲ್ಲ. ಸಂಧಾನ ಮುರಿದು, ಪ್ರಕರಣ ಸರ್ಕಾರದ ಮೂಲಕ ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು.

ನಾನು ಭಾನುವಾರಗಳಲ್ಲಿ ಎಲ್ಲಿಗೆ ಹೋಗುತ್ತೇನೆಂದು ಕಚೇರಿಗೆ ತಿಳಿದಿತ್ತು. 'ಆಡಳಿತದ ಹಿತದೃಷ್ಟಿಯಿಂದ' ನನ್ನನ್ನು ದೇವದುರ್ಗದ ರಸ್ತೆ ಕಚೇರಿಗೆ ವರ್ಗ ಮಾಡಿದರು.

ಅದಾಗಿ ಸುಮಾರು ಎರಡು ತಿಂಗಳಿಗೆ ಸಂಘದವರ ಕೋಣೆಯಲ್ಲಿ ಮತ್ತೆ ಸೇರಿದೆವು. ಇಲಾಖೆ ಯಾವತ್ತಾದರೂ ಕೊಟ್ಟ ಕಾಗದದ ಚೂರು ಇದ್ದರೂ ತನ್ನಿ ಎಂದು ಅವರು ಎಲ್ಲರಿಗೂ ಹೇಳಿ ಕಳಿಸಿದ್ದರು. ಒಬ್ಬ ಜೀಪಿನ ಡೀಸೆಲ್ ಚೀಟಿ ತಂದಿದ್ದ. ಇನ್ನೊಬ್ಬ ಗೇಟಿಗೆ ಹಚ್ಚುವ ಗ್ರೀಸಿನ ಡಬ್ಬಿಯ ಮೇಲಿನ ಲೇಬಲ್ ತಂದಿದ್ದ.

"ಇದೇನಪಾ, ಇದರ ಮ್ಯಾಲೆ ನಿನ್ನ ಹೆಸರು ಎಲ್ಲಿ ಅದ?" ಎಂದು ಸಂಘದವರು ಕೇಳಿದರು.

"ಇಲ್ರೀ. ಸರ್ಕಾರಿ ಮುದ್ರಿ ಅದ ನೋಡ್ರಿ."

ಎಲ್ಲರೂ ನಕ್ಕರು. ಹಿರಿಯ ಲಸ್ಕರ್ ಅವರ ಹೆಂಡತಿ ನಗಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಎಂಟು ಮಡಿಕೆಯ ಒಂದು ಹಾಳೆ ತೆಗೆದರು.

ಹಿರಿಯ ಲಸ್ಕರ್ ಕೈ ಚಾಚಿ ತಡೆದರು. "ಅದನ್ನ ಯಾಕ ತಂದಿ? ಅದು ಬೈಗುಳದ ಕಾಗದ. ನಾಕು ಮಂದ್ಯಾಗ ತೋರಸೂದಲ್ಲ ಅದು."

"ನಿನಗ ಬೈದಾರ. ನನಗೇನೂ ಬೈದಿಲ್ಲ," ಎಂದು ಅವರು ಅದನ್ನು ಸಂಘದವರ ಕೈಗೆ ಕೊಟ್ಟರು.

ಪಗಾರ ಕಡಿತದ ಆದೇಶ. ಉಳಿದ ಆರು ಜನ ನಾಚಿಕೆಯಿಂದ ಅದನ್ನು ಹರಿದು ಹಾಕಿದ್ದರು. ಒಬ್ಬ ಒಲೆಗೆ ಹಾಕಿದ್ದ. ಸಂಘದವರು ಓದುತ್ತಾ ಹೋಗಿ ನಡುವಿನ ಸಾಲಿಗೆ ಬಂದು ನಿಂತರು. ಮತ್ತೊಮ್ಮೆ ಗಟ್ಟಿಯಾಗಿ ಓದಿದರು. ಕೆಮ್ಮು ಬಂತು. ಕೆಮ್ಮುತ್ತಲೇ ನಕ್ಕರು.

"ಮೂರು ವರ್ಷದಿಂದ ಸತತ! ಅರೇ, ಬೈಯೋ ಭರದಾಗ ಖರೇ ಹೇಳಿಬಿಟ್ಟಾರಲ್ಲೋ! ಸಹಿ ಅದ, ಶಿಕ್ಕಾ ಅದ, ಏಳೂ ಹೆಸರ ಅಪ್ಪನ ಹೆಸರಿನ ಸಮೇತ ಅವ." ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ಟೈಪ್ ಮಾಡಿದವ್ರು ಯಾರು?"

"ನಾನು."

"ಈ ಸಾಲು ಬೇಕಂತ ಹಾಕಿದ್ರೇನು?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹೌದು ಎನ್ನಲು ತುಂಬ ಆಸೆಯಾಯಿತು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಕರಡಿನಲ್ಲಿ ಬರೀ 'ಅನುಭವ ಹೊಂದಿದ್ದಾಗ್ಯೂ' ಎಂದಿದ್ದು, ವಾಕ್ಯ ಬಡಕಲಾಗಿ ಕಂಡಿದ್ದಕ್ಕೆ ನಾನು ತುಂಬಿರಬಹುದು. ಇಡೀ ಸಾಲು ಹೆಡ್ ಗುಮಾಸ್ತರದ್ದೇ ಇರಬಹುದು. ಆಮೇಲಿನ ವರ್ಷಗಳಲ್ಲಿ ಒಂದೆರಡು ಸಲ, ಸ್ನೇಹಿತರ ನಡುವೆ, ನಾನೇ ಯೋಚಿಸಿ ಸೇರಿಸಿದ್ದೆ ಎಂದು ಹೇಳಿಕೊಂಡಿದ್ದೇನೆ. ಅದನ್ನು ಇಲ್ಲಿ ವಾಪಸು ಪಡೆಯುತ್ತೇನೆ.

"ಗೊತ್ತಿಲ್ಲಂದ್ರ ಕೋರ್ಟಿನಾಗ ಅದನ್ನ ಹೇಳ್ರಿ," ಎಂದರು ಅವರು. "ಆದ್ರ ನೀವು ಬರಬೇಕಾಗ್ತದ. ಮಸ್ಟರಿನ ಹೆಸರು ಸುಳ್ಳು ಅಂತ ಬರದಾಂವನ ಬಾಯಿಂದನ ಬರಬೇಕು. ನೌಕರಿಗೆ ಏಟು ಬೀಳ್ತದ, ಸುಳ್ಳ ಹೇಳಂಗಿಲ್ಲ. ಯೋಚನಿ ಮಾಡಿ ಹೇಳ್ರಿ."

ನಾನು ಯೋಚನೆ ಮಾಡಿದೆ. ಅಂದರೆ, ತಪ್ಪಿಸಿಕೊಂಡೆ. ಎರಡು ಭಾನುವಾರ ರಾಯಚೂರಿಗೆ ಹೋಗಲಿಲ್ಲ. ದೇವದುರ್ಗದಲ್ಲಿ ಕೆಲಸ ಹೆಚ್ಚು ಎಂದು ಕಾರ್ಡು ಬರೆದೆ.

ದೇವದುರ್ಗದ ಕಚೇರಿಯಲ್ಲಿ ನನ್ನ ಪಾಲಿಗೆ ಬಂದದ್ದು ಜಾಲಹಳ್ಳಿ ಕಡೆಯ ರಸ್ತೆ ಗ್ಯಾಂಗಿನ ಮಸ್ಟರ್. ಒಂದು ಬೆಳಿಗ್ಗೆ ಅಲ್ಲಿನ ಹಿರಿಯ ಗುಮಾಸ್ತರು ತಲೆ ಎತ್ತದೆ ಹೇಳಿದರು: "ಆ ಜಲ್ಲಿ ಹೊರೋ ಹೆಣ್ಮಗಳದು ಎರಡು ತಿಂಗಳಾತು. ಈ ಸರ್ತಿ ಆಕಿ ಅತ್ತಿ ಹೆಸರ ಹಾಕ್ರಿ."

ಈ ಸಲ ಯಾರು ಹೇಳಿದರು, ಎಲ್ಲಿ ಹೇಳಿದರು, ಯಾವ ಮಾತಿನಲ್ಲಿ ಹೇಳಿದರು ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡೆ. ಪೆನ್ನು ಕೆಳಗಿಟ್ಟೆ.

"ಬರದು ಕೊಡ್ರಿ. ಹಾಕ್ತೀನಿ."

"ಏನು?"

"ಅತ್ತಿ ಹೆಸರ ಹಾಕು ಅಂತ ಒಂದು ಚೀಟಿ ಬರದು ಸಹಿ ಮಾಡ್ರಿ. ಫೈಲಿಗೆ ಹಚ್ಚಿ ಆಮ್ಯಾಲ ಹಾಕ್ತೀನಿ."

"ಇಂಥಾದ್ದನ್ನ ಯಾರರ ಬರದು ಕೊಡ್ತಾರೇನ್ರೀ?" ಅವರು ಈಗ ತಲೆ ಎತ್ತಿದರು. "ಮಾನ್ವಿಯಿಂದ ನಿಮ್ಮನ್ನ ಯಾಕ ಒಗದ್ರು ಅನ್ನೂದು ಈಗ ತಿಳೀತು ನೋಡ್ರಿ."

ಚೀಟಿ ಬರಲಿಲ್ಲ. ಆಕೆಯ ಹೆಸರನ್ನೇ ಬರೆದೆ. ಮುಂದಿನ ತಿಂಗಳಿನಿಂದ ಮಸ್ಟರ್ ನನ್ನ ಕೈಯಿಂದ ಹೋಯಿತು. ಆಕೆಯ ಹೆಸರನ್ನು ಬೇರೆಯವರು ಬದಲಿಸಿದರೋ ಏನೋ, ತಿಳಿಯಲಿಲ್ಲ. ಆ ಸಂಜೆಯೇ ಸಂಘದವರಿಗೆ ಸಾಕ್ಷಿ ಹೇಳುತ್ತೇನೆಂದು ಕಾಗದ ಬರೆದೆ. ಧೈರ್ಯ ಬಂದು ಬರೆದೆ ಎನ್ನಲಾರೆ. ಇಷ್ಟು ಸಣ್ಣ ಮಾತಿಗೆ ಅವರು ಅಷ್ಟು ಹೆದರುತ್ತಾರಾದರೆ ನಾವೇಕೆ ಹೆದರಬೇಕು ಎಂದು ಸಿಟ್ಟು ಬಂದಿತ್ತು.

ಕಾರ್ಮಿಕ ನ್ಯಾಯಾಲಯ ರಾಯಚೂರಿಗೆ ಆಗಾಗ ಬಂದು ಕೂರುತ್ತಿತ್ತು. ನನ್ನ ಸಾಕ್ಷಿಯ ದಿನ ಏಳು ಜನರೂ ಹಿಂದಿನ ಬೆಂಚಿನಲ್ಲಿದ್ದರು. ಮಸ್ಟರ್‌ನ ಹೆಸರುಗಳು ಸುಳ್ಳು, ಬರೆದದ್ದು ನಾನು ಎಂದು ಹೇಳಿದೆ. ಯಾವ ಹೆಸರು ನಿಜವಾಗಿ ಯಾರದೆಂದು ಒಂದೊಂದಾಗಿ ಗುರುತಿಸಿದೆ. ನಡುವೆ ಎರಡು ಕಡೆ ತಡವರಿಸಿದೆ. ಇಲಾಖೆಯ ವಕೀಲರು ಅದಕ್ಕಾಗಿಯೇ ಕಾಯುತ್ತಿದ್ದರು.

"ಎಂ.ಎ. ಮಾಡೀರಿ. ನೆನಪಿನ ಶಕ್ತಿ ಹ್ಯಾಂಗದ?"

"ಅಷ್ಟಕ್ಕಷ್ಟೆ."

"ಅಷ್ಟಕ್ಕಷ್ಟೆ ಅಂತ ಬರಕೊಳ್ರಿ," ಎಂದು ಬರೆಯುವವರಿಗೆ ಹೇಳಿ, ಕಡಿತದ ಆದೇಶವನ್ನು ಮುಂದೆ ಹಿಡಿದರು. "ಮೂರು ವರ್ಷದಿಂದ ಸತತವಾಗಿ ಅನ್ನೋ ಮಾತು ಹೆಡ್ ಗುಮಾಸ್ತರ ಕರಡಿನಾಗ ಇದ್ದಿಲ್ಲ. ಇವರ ಮ್ಯಾಲಿನ ಪ್ರೀತಿಗೆ ನೀವ ಸೇರಿಸೀರಿ. ಹೌದೋ ಅಲ್ಲೋ?"

ಇಲ್ಲ ಎಂದಿದ್ದರೆ ಆ ಕಾಗದ ಗಟ್ಟಿಯಾಗಿ ನಿಲ್ಲುತ್ತಿತ್ತು. ಕರಡು ಸಿಗುತ್ತಿಲ್ಲ ಎಂದು ಇಲಾಖೆಯೇ ಹೇಳಿತ್ತು, ನನ್ನ ಮಾತನ್ನು ಅಲ್ಲಗಳೆಯಲು ಏನೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಏಳು ಜನರ ಅನ್ನ ಆ ಒಂದು ಉತ್ತರದ ಮೇಲೆ ಕುಳಿತಿತ್ತು. ಆದರೆ ನಾನು ಅಲ್ಲಿ ನಿಂತದ್ದೇ ಮೂರು ವರ್ಷ ಸುಳ್ಳು ಬರೆದೆ ಎಂದು ಹೇಳಲು. ಅದರ ಮೇಲೆ ಇನ್ನೊಂದನ್ನು ಪೇರಿಸಲು ನಾಲಿಗೆ ಏಳಲಿಲ್ಲ.

"ನೆನಪಿಲ್ಲ," ಎಂದೆ.

ವಕೀಲರು ಕುಳಿತುಕೊಳ್ಳಲು ತಿರುಗಿದ್ದರು. ನಾನು ಮುಂದುವರಿಸಿದೆ: "ನಾನು ಸೇರಿಸಿದ್ದಿರಬಹುದು. ಅದು ಸುಳ್ಳು ಅಂತಿದ್ದರೆ ಸಾಹೇಬರು ಯಾಕೆ ಸಹಿ ಮಾಡಿದರು, ಅವರನ್ನು ಕೇಳಬೇಕು. ನನ್ನ ನೆನಪನ್ನು ಯಾರೂ ನಂಬುವುದು ಬೇಡ. ಆ ಆದೇಶದ ಹೆಸರುಗಳನ್ನು ಗೇಜ್ ರಿಜಿಸ್ಟರ್‌ನಿಂದ ಇಳಿಸಿಕೊಂಡಿದ್ದೆವು. ಮೂರು ವರ್ಷದ ಗೇಜ್ ರಿಜಿಸ್ಟರ್ ತರಿಸಿ ನೋಡಬೇಕು."

ಸಂಘದವರು ಆ ಹೊತ್ತಿಗಾಗಲೇ ಎದ್ದು ನಿಂತಿದ್ದರು. ರಿಜಿಸ್ಟರ್‌ಗಳನ್ನು ಗೆದ್ದಲು ತಿಂದಿದೆ ಎಂದು ಇಲಾಖೆ ಹೇಳಿತು. ಹಾಗಾದರೆ ಬೋಂಗಾ ಬಿದ್ದ ದಿನ ಕರ್ತವ್ಯದ ಮೇಲೆ ಯಾರಿದ್ದರೆಂದು ಯಾವುದನ್ನು ನೋಡಿ ತಿಳಿದು ಪಗಾರ ಕಡಿದಿರಿ ಎಂದು ಅವರು ಕೇಳಿದರು. ಗೆದ್ದಲನ್ನೇ ಕೇಳಿದ್ದೇನ್ರಿ ಎಂದೂ ಸೇರಿಸಿದರು. ನ್ಯಾಯಾಧೀಶರು ನಗಲಿಲ್ಲ. ಮುಂದಿನ ತಾರೀಖಿಗೆ ಅವನ್ನು ಹಾಜರುಪಡಿಸಬೇಕೆಂದು ಬರೆಸಿದರು.

ಎರಡು ಗೋಣಿಚೀಲಗಳಲ್ಲಿ ಬಂದವು. ಅಂಚು ಮಾತ್ರ ಗೆದ್ದಲು ತಿಂದಿತ್ತು. ಪುಟ ತಿರುವಿದಂತೆ ದಿನಕ್ಕೆ ನಾಲ್ಕು ಸಲ, ಮಳೆ ಬಂದ ದಿನವೂ, ಹಬ್ಬದ ದಿನವೂ, ಅದೇ ಏಳು ಹೆಸರುಗಳು. ಇಲ್ಲಿ ಮಸಿ ಕಡಿಮೆ ಇದ್ದುದರಿಂದ ಹೆಬ್ಬೆಟ್ಟಿನ ಗೆರೆಗಳು ಸ್ಪಷ್ಟವಾಗಿದ್ದವು. ನ್ಯಾಯಾಲಯ ಎಣಿಸಲು ಕೂರಿಸಿದವರು ಎಲ್ಲರದೂ ಪ್ರತಿ ವರ್ಷ ಇನ್ನೂರ ನಲವತ್ತು ದಿನ ದಾಟಿದೆ ಎಂದು ಬರೆದುಕೊಟ್ಟರು. ಬೋಂಗಾ ಬೀಳುವ ಎರಡು ದಿನ ಮೊದಲಿನ ಪುಟದಲ್ಲಿ, ಆ ಏಳನೇ ಈಯತ್ತೆಯವನ ಓರೆ ಅಕ್ಷರದಲ್ಲಿ, ಷರಾ ಅಂಕಣದಲ್ಲಿ ಬರೆದಿತ್ತು: "ದಂಡಿ ಜಿನಗತದ. ಫೋನ ಮಾಡೀವಿ. ಎತ್ತಲಿಲ್ಲ." ಮರುದಿನವೂ ಹಾಗೇ ಬರೆದಿತ್ತು. ಇಂಜಿನಿಯರರು ಹೆಸರು ಇಳಿಸಿಕೊಳ್ಳಲು ಈ ಪುಸ್ತಕ ತರಿಸಿದಾಗ ಆ ಪುಟ ಎರಡು ಹಾಳೆ ಹಿಂದೆ ಇತ್ತು. ನಾನೂ ತಿರುವಿರಲಿಲ್ಲ.

ತೀರ್ಪು ಬರಲು ಇನ್ನೊಂದು ಬೇಸಿಗೆ ಕಳೆಯಿತು. ಪಗಾರ ಕಡಿತ ರದ್ದು. ಏಳು ಜನರನ್ನೂ ಸೇವೆ ಮುರಿಯದಂತೆ ಮತ್ತೆ ತೆಗೆದುಕೊಳ್ಳಬೇಕು, ಹೊರಗಿದ್ದ ಕಾಲದ ಅರ್ಧ ಪಗಾರ ಕೊಡಬೇಕು. ನನಗೆ ಇಲಾಖಾ ವಿಚಾರಣೆ ಆಯಿತು. ಸುಳ್ಳು ಮಸ್ಟರ್ ಬರೆದ ತಪ್ಪಿಗೆ ನನ್ನ ಎರಡು ವಾರ್ಷಿಕ ವೇತನಬಡ್ತಿ ತಡೆದರು. ಬರೆಸಿದವರಿಗೆ ಏನೂ ಆಗಲಿಲ್ಲ, ಯಾಕೆಂದರೆ ಬರೆಸಿದ್ದಕ್ಕೆ ಕಾಗದವಿರಲಿಲ್ಲ. ಮೇಲ್ಮನವಿ ಮಾಡು ಎಂದು ಸಂಘದವರು ಹೇಳಿದರು. ನಾನು ಮಾಡಲಿಲ್ಲ. ಆ ಶಿಕ್ಷೆ ಸರಿಯಾದ ಮನುಷ್ಯನಿಗೇ ಬಂದಿತ್ತು. ಬರಬೇಕಾದ ಎಲ್ಲರಿಗೂ ಬರಲಿಲ್ಲ ಎಂಬುದು ನನ್ನ ತಕರಾರು, ಇವತ್ತಿಗೂ.

ಅವರು ಕೆಲಸಕ್ಕೆ ಮರಳುವ ದಿನ ನಾನು ರಜೆ ಹಾಕಿ ಕಲ್ಲೂರಿಗೆ ಹೋದೆ. ಅದೇ ದಿನ ಉಪಕಾಲುವೆಗೆ ನೀರು ಬಿಡುವುದಿತ್ತು. ಮೇಲಿನಿಂದ ನೀರು ಬಂದು ತೂಬಿನ ಗೇಟಿಗೆ ತಾಕಿ ಏರುತ್ತಿತ್ತು. ಸಸಿಮಡಿ ಹಾಕಿಕೊಂಡ ರೈತರು ಕೆಳಗಿನ ದಂಡೆಯ ಮೇಲೆ ಕಾಯುತ್ತಿದ್ದರು. ಸೆಕ್ಷನ್ನಿನ ಕಿರಿಯ ಇಂಜಿನಿಯರರು ಏಳು ಟೈಪು ಮಾಡಿದ ಹಾಳೆಗಳನ್ನು ತಂದಿದ್ದರು.

"ಇದರ ಮ್ಯಾಲೆ ಹೆಬ್ಬಟ್ಟ ಒತ್ತಿ ಗೇಟ್ ಎತ್ತರಿ. ಹೊತ್ತಾಗ್ಯದ."

ಹಿರಿಯ ಲಸ್ಕರ್ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಓದ್ರಿ. ಗಟ್ಟಿಯಾಗಿ ಓದ್ರಿ."

ಓದಿದೆ. ಹೆಸರು ಸರಿ ಇತ್ತು, ಅಪ್ಪನ ಹೆಸರು ಸರಿ ಇತ್ತು, ಊರು ಸರಿ ಇತ್ತು. ಕೆಳಗಿನ ಸಾಲಿನಲ್ಲಿ 'ಇಂದಿನಿಂದ ಹೊಸದಾಗಿ ನೇಮಿಸಿಕೊಳ್ಳಲಾಗಿದೆ' ಎಂದಿತ್ತು. ಅದಕ್ಕೆ ಹೆಬ್ಬೆಟ್ಟು ಒತ್ತಿದರೆ ಹಿಂದಿನದೆಲ್ಲ ಅಳಿಸಿಹೋಗುತ್ತಿತ್ತು. ತೀರ್ಪಿನಲ್ಲಿ ಹಾಗಿಲ್ಲ ಎಂದು ನಾನು ಹೇಳುವ ಮೊದಲೇ ಹಿರಿಯ ಲಸ್ಕರ್ ಗೇಟಿನ ಹ್ಯಾಂಡಲ್ ಎತ್ತಿಕೊಂಡು ತೂಬಿನ ಕಟ್ಟೆಯ ಮೇಲೆ ಕುಳಿತು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಉಳಿದವರು ಸುತ್ತ ಕುಳಿತರು.

"ನಾವು ಹೊಸಬರಲ್ರೀ ಸಾಹೇಬ್ರ. ಅದನ್ನ ಹೊಡೀರಿ."

"ಆಮ್ಯಾಲ ತಿದ್ದೋಣು. ನೀರು 'ತಡಿ' ಅಂದ್ರ ತಡೀತದೇನೋ? ಮೊದಲ ಎತ್ತರಿ."

"ಮೊದಲ ಕಾಗದ."

ಕೆಳಗಿನಿಂದ ಒಬ್ಬ ರೈತ ಕೂಗಿದ: "ಏ ಮುದುಕಾ! ಒಂದ ಶಬ್ದದ ಸಲುವಾಗಿ ನೀರ ಹಿಡಕೊಂಡ ಕುಂತೀಯಲ್ಲೋ!"

"ಆ ಒಂದ ಶಬ್ದದಾಗ ನಂದು ಐದ ವರ್ಷ ಅದ," ಎಂದರು ಹಿರಿಯ ಲಸ್ಕರ್, ಅತ್ತ ತಿರುಗದೆ. "ನಿಂದು ಒಂದ ತಾಸು ಹೋಗ್ಲಿ."

ರೈತ ಬೈದುಕೊಂಡ. ಆಮೇಲೆ ಅವನೂ ದಂಡೆ ಹತ್ತಿ ಬಂದು, ಏನು ಬರೆದಿದೆ ಎಂದು ನನ್ನನ್ನು ಕೇಳಿದ. ಹೇಳಿದೆ. ಅವನು ಕಿರಿಯ ಇಂಜಿನಿಯರರ ಕಡೆ ತಿರುಗಿದ. "ಹೊಡದ ಹಾಕ್ರಿ ಸಾಹೇಬ್ರ. ಇವರು ಇಲ್ಲಿ ಇದ್ದದ್ದು ನಮಗ ಗೊತ್ತಿಲ್ಲೇನು? ನಾವೇನು ಕುಡ್ಡರೇನ್ರಿ?"

ನೀರು ಗೇಜಿನ ಪಟ್ಟಿಯ ಮೇಲಿನ ಅಂಕಿಗೆ ಬಂದಿತ್ತು. ಕಿರಿಯ ಇಂಜಿನಿಯರರು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು 'ಇಂದಿನಿಂದ ಹೊಸದಾಗಿ' ಎಂಬುದನ್ನು ಹೊಡೆದು, 'ಸೇವೆಯ ನಿರಂತರತೆಯೊಂದಿಗೆ ಪುನಃ' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಒಂದರ ನಂತರ ಒಂದು, ಏಳು ಹಾಳೆ. ನಾನು ಏಳನ್ನೂ ಓದಿ ಹೇಳಿದೆ. ಹಿರಿಯ ಲಸ್ಕರ್ ಎಲ್ಲರ ಕೊನೆಗೆ ಹೆಬ್ಬೆಟ್ಟು ಒತ್ತಿದರು. ತಮ್ಮ ಪ್ರತಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟರು. ಜೇಬಿನ ಮೇಲೆ ಒಮ್ಮೆ ಕೈ ಒತ್ತಿ ನೋಡಿಕೊಂಡು ಎದ್ದು ನಿಂತು, ಹ್ಯಾಂಡಲನ್ನು ಗೇಟಿಗೆ ಸಿಕ್ಕಿಸಿ ತಿರುವತೊಡಗಿದರು.